ವೈದ್ಯರು ಅಥವಾ ರೋಗಿ ಕಂಡಂತೆ

ನಮ್ಮ ಹಾಸ್ಟೆಲ್ ಕೋಣೆಯ ಕಿಟಕಿ ಕಟ್ಟೆಯ ಮೇಲೆ ಎರಡು ವರ್ಷ ಒಂದು ಗಸಗಸೆ ಡಬ್ಬಿ ಇತ್ತು. ನನ್ನ ರೂಮ್‌ಮೇಟಿಗೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬಾಯಿಹುಣ್ಣು ಏಳುತ್ತಿತ್ತು. ಎದ್ದಾಗಲೆಲ್ಲ ಒಂದು ಚೂರು ಒಣಕೊಬ್ಬರಿಗೆ ಚಿಟಿಕೆ ಗಸಗಸೆ ಸೇರಿಸಿ, ನೋವಿಲ್ಲದ ಬದಿಗೆ ಒತ್ತರಿಸಿಕೊಂಡು ಜಗಿಯುತ್ತಾ ಕೂರುತ್ತಿದ್ದಳು. ಫೋನಿನಲ್ಲಿ ಅವಳ ಅಮ್ಮ “ಉಷ್ಣ ಆಗಿರುತ್ತೆ, ಮಜ್ಜಿಗೆ ಕುಡಿ” ಅನ್ನುತ್ತಿದ್ದರು. ಮೆಸ್ಸಿನ ಅಕ್ಕ ಸೀಬೆಯ ಚಿಗುರು ಅಗಿಯಲು ಹೇಳಿದ್ದರು. ಔಷಧಿ ಅಂಗಡಿಯವನು ಅವಳನ್ನು ನೋಡಿದೊಡನೆ ಬಿ-ಕಾಂಪ್ಲೆಕ್ಸ್ ಎತ್ತಿ ಕೊಡುತ್ತಿದ್ದ. ನಾನು “ಸಿನಾಪ್ಸಿಸ್ ಟೆನ್ಷನ್ ಕಣೇ, ಸರಿಯಾಗಿ ನಿದ್ದೆ ಮಾಡು” ಅನ್ನುತ್ತಿದ್ದೆ. ಎಲ್ಲರ ಹತ್ತಿರವೂ ಒಂದೊಂದು ಉತ್ತರ ಸಿದ್ಧವಾಗಿತ್ತು.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕರಡನ್ನು ಅವಳು ಓದಿದ್ದಾಳೆ, ಎರಡು ಕಡೆ ತಿದ್ದಿದ್ದಾಳೆ. ಊರು, ವಿಭಾಗ, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ.

ನಾನು ಸಂಶೋಧನೆ ಮಾಡುತ್ತಿರುವುದು ತತ್ವಶಾಸ್ತ್ರದಲ್ಲಿ. ವಿಷಯ ಶಬ್ದಪ್ರಮಾಣ. ಇನ್ನೊಬ್ಬರ ಮಾತಿನಿಂದ ನಮಗೆ ಬರುವ ತಿಳಿವಳಿಕೆ ನಿಜವಾದ ತಿಳಿವಳಿಕೆಯೇ, ಯಾರ ಮಾತನ್ನು ಯಾವಾಗ ನಂಬಬೇಕು, ನಂಬದಿದ್ದರೆ ತಪ್ಪೇನು ಎಂಬ ಪ್ರಶ್ನೆಗಳ ಮೇಲೆ ಆ ಎರಡು ವರ್ಷಗಳಲ್ಲಿ ಮೂರು ಅಧ್ಯಾಯ ಬರೆದೆ. ನನ್ನ ಮಂಚಕ್ಕೂ ಅವಳ ಮಂಚಕ್ಕೂ ನಡುವೆ ನಾಲ್ಕು ಅಡಿ ದೂರ. “ಇದು ಬರೀ ಉಷ್ಣ ಅಲ್ಲ ಅನ್ಸುತ್ತೆ” ಎಂದು ಅವಳು ಕನಿಷ್ಠ ಮೂರು ಸಲ ಹೇಳಿದ್ದು ನನಗೆ ನೆನಪಿದೆ. ನಾನು ಏನು ಉತ್ತರಿಸಿದೆ ಎಂಬುದೂ ನೆನಪಿದೆ.

ಆಮೇಲೆ ಮಂಡಿ ಊದಿತು. ಮೂಳೆ ವೈದ್ಯರು ಮೆಟ್ಟಿಲು ಹತ್ತುವುದು ಕಡಿಮೆ ಮಾಡಿ ಎಂದರು. ಅದು ಇಳಿದು ನಾಲ್ಕೈದು ತಿಂಗಳ ಮೇಲೆ ಎಡಗಣ್ಣು ಕೆಂಪಾಯಿತು, ಟ್ಯೂಬ್‌ಲೈಟು ನೋಡಿದರೂ ನೋವು. ಕಣ್ಣಿನ ವೈದ್ಯರು ಕಣ್ಣಿನೊಳಗೆ ಉರಿಯೂತವಾಗಿದೆ, ಯುವಿಯೈಟಿಸ್, ಎಂದು ಸರಿಯಾಗಿಯೇ ಗುರುತಿಸಿ ಹನಿ ಕೊಟ್ಟರು. ವಾಸಿಯಾಯಿತು. ಮತ್ತೆ ಬಂತು. ಎರಡನೇ ಸಲ ಅಕ್ಷರಗಳು ನೀರಿನಡಿ ಕಂಡಂತೆ ಅಲುಗಾಡುತ್ತಿವೆ ಎಂದಳು. ಅವಳಿಗೆ ಆಗ 25 ವರ್ಷ. ಬಾಯಿ ಒಬ್ಬರದು, ಮಂಡಿ ಒಬ್ಬರದು, ಕಣ್ಣು ಇನ್ನೊಬ್ಬರದು. ಯಾರೂ ದಡ್ಡರಲ್ಲ, ಯಾರೂ ಅಜಾಗರೂಕರಲ್ಲ, ತಮ್ಮ ಪಾಲಿಗೆ ಬಂದ ತುಂಡನ್ನು ಎಲ್ಲರೂ ಚೆನ್ನಾಗಿಯೇ ನೋಡಿದರು.

ನಾಲ್ಕನೆಯ ತುಂಡೊಂದಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ, ನನಗೂ.

ಅದನ್ನು ಹೇಳುವ ಮೊದಲು ಕನ್ನಡದ ಒಂದು ತೊಡಕು. ಹೆಣ್ಣಿನ ದೇಹದ ಆ ಭಾಗಕ್ಕೆ ನಮ್ಮಲ್ಲಿ ಇರುವ ಶಬ್ದಗಳು ಮೂರು ಬಗೆಯವು. ಪಠ್ಯಪುಸ್ತಕದ ‘ಜನನಾಂಗ’, ಬೈಗುಳದಲ್ಲಿ ಮಾತ್ರ ಬದುಕಿರುವ ಕೆಲವು ದೇಸಿ ಪದಗಳು, ಮತ್ತು ‘ಗುಪ್ತಾಂಗ’. ಮೊದಲನೆಯದನ್ನು ಮಾತಿನಲ್ಲಿ ಯಾರೂ ಬಳಸುವುದಿಲ್ಲ, ಎರಡನೆಯದನ್ನು ಬಳಸಲಾಗದು, ಮೂರನೆಯದು ಹೇಳುವಾಗಲೇ ಮುಚ್ಚುತ್ತದೆ. ಬಸ್ ನಿಲ್ದಾಣದ ಗೋಡೆಗಳ ಮೇಲಿನ ‘ಗುಪ್ತರೋಗ’ದ ಪೋಸ್ಟರುಗಳನ್ನು ನೋಡುತ್ತಾ ಬೆಳೆದ ಹುಡುಗಿಗೆ ಆ ಜಾಗದಲ್ಲಿ ಹುಣ್ಣಾದರೆ ಅವಳಿಗೆ ಸಿಗುವ ಏಕೈಕ ಕನ್ನಡ ಶಬ್ದ ಒಂದು ಆರೋಪವನ್ನೂ ಕೂಡಿಸಿಕೊಂಡೇ ಬರುತ್ತದೆ.

ಮೊದಲ ಸಲ ಹಾಗಾದಾಗ ಅವಳು ಒಬ್ಬಳೇ ಒಂದು ಕ್ಲಿನಿಕ್ಕಿಗೆ ಹೋಗಿದ್ದಳಂತೆ. ವೈದ್ಯೆಯ ಮೊದಲ ಪ್ರಶ್ನೆ: “ಮದುವೆ ಆಗಿದೆಯಾ?” ನಮ್ಮ ಕ್ಲಿನಿಕ್ಕುಗಳಲ್ಲಿ ಈ ಪ್ರಶ್ನೆ ಮದುವೆಯ ಬಗ್ಗೆ ಅಲ್ಲ ಎಂಬುದು ಕೇಳುವವರಿಗೂ ಗೊತ್ತು, ಉತ್ತರಿಸುವವರಿಗೂ ಗೊತ್ತು. ಇಲ್ಲ ಎಂದಳು. ವೈದ್ಯೆಯ ಪೆನ್ನು ನಿಂತಿತು. “ಹಾಗಾದ್ರೆ ಹೇಗೆ?” ಒಂದು ಮುಲಾಮು, ಎರಡು ರಕ್ತಪರೀಕ್ಷೆ ಬರೆದುಕೊಟ್ಟರು. ಮುಲಾಮು ತಂದಳು. ಪರೀಕ್ಷೆಯ ಚೀಟಿಯನ್ನು ಹರಿದು ಬಸ್‌ಸ್ಟ್ಯಾಂಡಿನಲ್ಲಿ ಹಾಕಿದಳು. ಮತ್ತೆ ಮೂರು ಸಲ ಆಯಿತು, ಯಾರಿಗೂ ಹೇಳಲಿಲ್ಲ. ಬಾಯಿಹುಣ್ಣಿಗೂ ಇದಕ್ಕೂ ಸಂಬಂಧ ಇರಬಹುದು ಎಂದು ಅವಳಿಗೇ ಹೊಳೆದಿರಲಿಲ್ಲ. ಹೇಗೆ ಹೊಳೆಯಬೇಕು? ಒಂದು ಮಜ್ಜಿಗೆಯ ಲೋಕಕ್ಕೆ ಸೇರಿದ್ದು, ಇನ್ನೊಂದು ಗೋಡೆ ಪೋಸ್ಟರಿನ ಲೋಕಕ್ಕೆ.

ಆ ವೈದ್ಯೆ ಬರೆದುಕೊಟ್ಟ ಪರೀಕ್ಷೆಗಳು ತಪ್ಪಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅಂಥ ಹುಣ್ಣಿಗೆ ಹರ್ಪಿಸ್, ಸಿಫಿಲಿಸ್‌ಗಳನ್ನು ಮೊದಲು ಹೊರಗಿಡಲೇಬೇಕು, ಆಮೇಲೆ ದೊಡ್ಡ ಆಸ್ಪತ್ರೆಯಲ್ಲೂ ಅದನ್ನೇ ಮಾಡಿದರು. ತಪ್ಪಾದದ್ದು “ಹಾಗಾದ್ರೆ ಹೇಗೆ” ಎಂಬಲ್ಲಿ. ಅದು ಪ್ರಶ್ನೆಯ ರೂಪದಲ್ಲಿದ್ದ ತೀರ್ಪು.

ಎರಡನೇ ಸಲ ಕಣ್ಣು ಕೆಟ್ಟಾಗ ಅವಳ ಅಮ್ಮ ಊರಿನಿಂದ ಬಂದು ಒಂದು ಬೋಧನಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಫೈಲು ಹಿಡಿದುಕೊಂಡು ನಾನೂ ಇದ್ದೆ. ಹೊರರೋಗಿ ವಿಭಾಗದಲ್ಲಿ ಕೂತಿದ್ದ ಪಿ.ಜಿ. ವೈದ್ಯೆ ನಮಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಹಳೆಯ ಚೀಟಿಗಳನ್ನು ಒಂದೊಂದಾಗಿ ನೋಡಿದಳು. ಬಾಯಿಹುಣ್ಣು ವರ್ಷಕ್ಕೆ ಎಷ್ಟು ಸಲ ಎಂದು ಕೇಳಿದಳು. “ಲೆಕ್ಕ ಇಟ್ಟಿಲ್ಲ, ಹತ್ತು ಹನ್ನೆರಡು ಸಲ.” ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಮ್ಮನ ಕಡೆ ತಿರುಗಿ, “ಆಂಟಿ, ಈ ಹಳೇ ಚೀಟಿಗಳದ್ದು ಒಂದು ಜೆರಾಕ್ಸ್ ಮಾಡಿಸಿಕೊಂಡು ಬರ್ತೀರಾ? ಗೇಟ್ ಹತ್ತಿರ ಅಂಗಡಿ ಇದೆ” ಎಂದಳು. ನನ್ನನ್ನೂ ಜೊತೆಗೆ ಕಳಿಸಿದಳು.

ಒಳಗೆ ಅವಳು ಕೇಳಿದ್ದನ್ನು ನನ್ನ ಗೆಳತಿ ಅಂದು ರಾತ್ರಿ ಪದಪದ ಹೇಳಿದಳು: “ಇಂಥದೇ ಹುಣ್ಣು ಕೆಳಗಡೆನೂ ಕೆಲವರಿಗೆ ಆಗುತ್ತೆ. ಅದು ಸೋಂಕಿನಿಂದಲೇ ಬರಬೇಕು ಅಂತಿಲ್ಲ, ಮದುವೆಗೂ ಅದಕ್ಕೂ ಸಂಬಂಧ ಇರಬೇಕು ಅಂತಿಲ್ಲ. ನಿಮಗೆ ಯಾವಾಗಲಾದರೂ ಆಗಿದೆಯಾ?”

ಆಗಿದೆ ಎಂದಳು. ಎರಡು ವರ್ಷದಲ್ಲಿ ಮೊದಲ ಸಲ.

ಅಲ್ಲಿಂದ ಮುಂದಿನದು ಬೇಗ ನಡೆಯಿತು. ಪರೀಕ್ಷೆಗಳಾದವು, ಸೋಂಕುಗಳಿಲ್ಲ ಎಂದು ಗೊತ್ತಾಯಿತು, ಕಣ್ಣಿನ ವಿಭಾಗ ಮತ್ತು ರುಮಟಾಲಜಿ ವಿಭಾಗದವರು ಒಟ್ಟಿಗೆ ಕೂತು ನೋಡಿದರು. ಮುಂಗೈಗೆ ಸ್ಟೆರೈಲ್ ಸೂಜಿ ಚುಚ್ಚಿ ಎರಡು ದಿನ ಬಿಟ್ಟು ಅಲ್ಲಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ವಿಚಿತ್ರ ಪರೀಕ್ಷೆಯೊಂದಿದೆ, ಪ್ಯಾಥರ್ಜಿ ಟೆಸ್ಟ್. ಅವಳ ಕೈಯಲ್ಲಿ ಏನೂ ಏಳಲಿಲ್ಲ. ಆದರೂ ಹೆಸರು ಸಿಕ್ಕಿತು: ಬೆಹ್ಚೆತ್ ಕಾಯಿಲೆ.

ಹುಲುಸಿ ಬೆಹ್ಚೆತ್ ಇಸ್ತಾಂಬುಲ್‌ನಲ್ಲಿ 1889ರಲ್ಲಿ ಹುಟ್ಟಿದ ಚರ್ಮವೈದ್ಯ. 1924-25ರ ಹೊತ್ತಿಗೆ ಅವರ ಬಳಿ ಒಬ್ಬ ರೋಗಿ ಬಂದ. ಬಾಯಲ್ಲಿ ಹುಣ್ಣು, ಜನನಾಂಗದಲ್ಲಿ ಹುಣ್ಣು, ಕಣ್ಣಿನಲ್ಲಿ ಉರಿಯೂತ. ಇಸ್ತಾಂಬುಲ್ ಮತ್ತು ವಿಯೆನ್ನಾದ ವೈದ್ಯರು ಅಷ್ಟರಲ್ಲೇ ಅವನನ್ನು ನೋಡಿ ಸಿಫಿಲಿಸ್ ಇರಬಹುದು, ಕ್ಷಯ ಇರಬಹುದು ಎಂದಿದ್ದರು. 1930ರಲ್ಲಿ ಅದೇ ಮೂರೂ ಇರುವ ಒಬ್ಬ ಹೆಂಗಸು ಬಂದಳು. 1936ರಲ್ಲಿ ಇನ್ನೊಬ್ಬ ಗಂಡಸನ್ನು ದಂತ ಆಸ್ಪತ್ರೆಯಿಂದ ಇವರಲ್ಲಿಗೆ ಕಳಿಸಿದರು. 1937ರಲ್ಲಿ ಬೆಹ್ಚೆತ್ ಜರ್ಮನ್ ಭಾಷೆಯ ಚರ್ಮವೈದ್ಯ ಪತ್ರಿಕೆಯೊಂದರಲ್ಲಿ ಬರೆದರು: ಇವು ಮೂರು ಕಾಯಿಲೆಗಳಲ್ಲ, ಒಂದೇ. ಚರ್ಮವೈದ್ಯರಲ್ಲಿ ಹಲವರು ಬಹಳ ಕಾಲ ಒಪ್ಪಲಿಲ್ಲ, ಇದನ್ನು ತಮಗೆ ಗೊತ್ತಿದ್ದ ಹಳೆಯ ಹೆಸರುಗಳೊಳಗೇ ತುರುಕಲು ನೋಡಿದರು. ಜಿನೀವಾದ 1947ರ ಸಮ್ಮೇಳನದ ಹೊತ್ತಿಗೆ ಬೆಹ್ಚೆತ್ ಎಂಬ ಹೆಸರು ಕಾಯಿಲೆಗೆ ಅಂಟಿತು. ಮರುವರ್ಷ ಅವರು ತೀರಿಕೊಂಡರು. ಟರ್ಕಿ ಭಾಷೆಯಲ್ಲಿ ಬೆಹ್ಚೆತ್ ಎಂದರೆ ಸಂತೋಷ, ಲವಲವಿಕೆ. ಕಣ್ಣು ಕಸಿಯಬಲ್ಲ ಕಾಯಿಲೆಗೆ ಇದಕ್ಕಿಂತ ವ್ಯಂಗ್ಯದ ಹೆಸರು ಯಾರೂ ಇಡಲಾರರು.

ಬೆಹ್ಚೆತ್ ಕಾರಣವನ್ನು ಕುರಿತು ಬರೆದದ್ದು ನಿಲ್ಲಲಿಲ್ಲ. ವೈರಸ್ ಇರಬೇಕು ಎಂದುಕೊಂಡಿದ್ದರು. ಇವತ್ತಿಗೂ ಕಾರಣ ಪೂರ್ತಿ ಗೊತ್ತಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ರಕ್ತನಾಳಗಳ ಮೇಲೆ ತಿರುಗಿಬೀಳುತ್ತದೆ, ಹಾಗಾಗಿ ರಕ್ತನಾಳ ಇರುವ ಕಡೆ, ಅಂದರೆ ಎಲ್ಲಿ ಬೇಕಾದರೂ, ಇದು ಕಾಣಿಸಿಕೊಳ್ಳಬಹುದು: ಕಣ್ಣು, ಕೀಲು, ಕರುಳು, ಮಿದುಳು. ಟರ್ಕಿಯಿಂದ ಜಪಾನಿನವರೆಗೆ ಹಳೆಯ ರೇಷ್ಮೆ ದಾರಿಯುದ್ದಕ್ಕೂ ಹೆಚ್ಚು, ಉಳಿದೆಡೆ ಅಪರೂಪ. ಎಚ್‌ಎಲ್‌ಎ-ಬಿ51 ಎಂಬ ಆನುವಂಶಿಕ ಗುರುತಿನ ಜೊತೆ ನಂಟಿದೆ, ಆದರೆ ಆ ಗುರುತಿರುವ ಬಹುಪಾಲು ಜನಕ್ಕೆ ಕಾಯಿಲೆ ಬರುವುದೇ ಇಲ್ಲ. ಬೆಹ್ಚೆತ್‌ಗೆ ತಿಳಿಯದ್ದು ನಮಗೂ ಅಷ್ಟಾಗಿ ತಿಳಿದಿಲ್ಲ. ಆದರೆ ಈ ಮೂರು ಒಂದೇ ಎಂಬ ಅವರ ಮಾತು ನಿಂತಿದೆ. ಏಕೆ ಎಂದು ತಿಳಿಯದೆಯೂ ಯಾವುದು ಯಾವುದಕ್ಕೆ ಸೇರಿದ್ದು ಎಂದು ಸರಿಯಾಗಿ ತಿಳಿಯಬಹುದು ಎನ್ನುವುದೇ ನನ್ನಂಥ ತತ್ವಶಾಸ್ತ್ರದ ವಿದ್ಯಾರ್ಥಿಗೆ ಕುತೂಹಲದ ಸಂಗತಿ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಬೆಹ್ಚೆತ್ ಚರ್ಮವೈದ್ಯರಷ್ಟೇ ಅಲ್ಲ. ಆ ಕಾಲದ ಯುರೋಪಿನ ಪದ್ಧತಿಯಂತೆ ಲೈಂಗಿಕ ರೋಗಗಳ ವೈದ್ಯರೂ ಹೌದು. ಸಿಫಿಲಿಸ್ ಬಗ್ಗೆ ಬಹಳ ಬರೆದಿದ್ದರು, 1933ರಿಂದ ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಈ ಎರಡೂ ಸೇರಿದ ವಿಭಾಗದ ಮುಖ್ಯಸ್ಥರಾಗಿದ್ದರು. ಅಂದರೆ ಅವರ ಕೋಣೆಯಲ್ಲಿ ‘ಕೆಳಗಿನ’ ಪ್ರಶ್ನೆ ದಿನಾ ಕೇಳುವ, ಎಲ್ಲರಿಗೂ ಕೇಳುವ ಪ್ರಶ್ನೆ. ಕಣ್ಣಿನವರಿಗೆ, ಹಲ್ಲಿನವರಿಗೆ ಕೇಳಬೇಕೆಂದು ತೋಚದ ಪ್ರಶ್ನೆ ಅಲ್ಲಿ ನಾಚಿಕೆಯಿಲ್ಲದೆ ಮೇಜಿನ ಮೇಲಿತ್ತು. ಮೂರನ್ನೂ ಕೂಡಿಸಿ ನೋಡಿದವರು ಅಂಥ ಕೋಣೆಯವರೇ ಆದದ್ದು ಕೇವಲ ಪ್ರತಿಭೆಯ ಕತೆ ಎಂದು ನನಗನ್ನಿಸುವುದಿಲ್ಲ. ಇದಕ್ಕೆ ವಿರುದ್ಧ ಸಾಕ್ಷಿಯೂ ಇದೆ, ಮುಚ್ಚಿಡುವುದಿಲ್ಲ: ಅಥೆನ್ಸ್‌ನ ಕಣ್ಣಿನ ವೈದ್ಯ ಬೆನೆಡಿಕ್ಟೋಸ್ ಅದಮಾಂಟಿಯಾಡಿಸ್ ಬೆಹ್ಚೆತ್‌ಗಿಂತ ಮೊದಲೇ, 1930-31ರಲ್ಲಿ, ಇಪ್ಪತ್ತು ವರ್ಷದ ಒಬ್ಬ ಯುವಕನಲ್ಲಿ ಇವನ್ನೆಲ್ಲ ಒಟ್ಟಿಗೆ ಗುರುತಿಸಿ ವರದಿ ಮಾಡಿದ್ದರು. ಕೆಲವರು ಇಬ್ಬರ ಹೆಸರನ್ನೂ ಸೇರಿಸಿಯೇ ಈ ಕಾಯಿಲೆಯನ್ನು ಕರೆಯುತ್ತಾರೆ. ಆ ಕಣ್ಣಿನ ವೈದ್ಯರೂ ಕಣ್ಣಿನ ಆಚೆಗೆ ಕೇಳಿದ್ದರು.

ಗೆಳತಿಯ ಕಾಯಿಲೆಗೆ ಹೆಸರು ಸಿಕ್ಕ ವಾರ ನಾನು ನನ್ನ ಅಧ್ಯಾಯ ಬಿಟ್ಟು ಇದನ್ನೇ ಓದಿದೆ. ಈ ಕಾಯಿಲೆಯನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಇರುವುದು ಮಾನದಂಡಗಳ ಪಟ್ಟಿ. ಹೆಚ್ಚು ಬಳಕೆಯಲ್ಲಿರುವುದು 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದದ್ದು. ಏಳು ದೇಶಗಳ 914 ರೋಗಿಗಳ ವಿವರ ಇಟ್ಟುಕೊಂಡು ಮಾಡಿದ್ದು. ವರ್ಷಕ್ಕೆ ಮೂರು ಸಲವಾದರೂ ಮರುಕಳಿಸುವ ಬಾಯಿಹುಣ್ಣು ಇರಲೇಬೇಕು. ಜೊತೆಗೆ ಮರುಕಳಿಸುವ ಜನನಾಂಗದ ಹುಣ್ಣು, ಕಣ್ಣಿನ ತೊಂದರೆ, ಚರ್ಮದ ತೊಂದರೆ, ಆ ಸೂಜಿಯ ಪರೀಕ್ಷೆ, ಇವುಗಳಲ್ಲಿ ಯಾವುದಾದರೂ ಎರಡು. ಸಂಶೋಧನೆಗಾಗಿ ರೋಗಿಗಳನ್ನು ವರ್ಗೀಕರಿಸಲು ಮಾಡಿದ ಪಟ್ಟಿ ಇದು, ಒಬ್ಬ ರೋಗಿಯ ಕಾಯಿಲೆ ಪತ್ತೆಮಾಡಲು ಅಲ್ಲ ಎಂದು ತಜ್ಞರು ಎಚ್ಚರಿಸುತ್ತಲೇ ಇರುತ್ತಾರೆ. ಆಸ್ಪತ್ರೆಗಳಲ್ಲಿ ಬಳಕೆ ಮಾತ್ರ ನಡೆದೇ ಇದೆ.

ಆ ಪಟ್ಟಿಯಲ್ಲಿ ನಾನು ಓದಿ ನಿಂತುಹೋದ ಜಾಗ ಬೇರೆ. ಪ್ರತಿ ಲಕ್ಷಣದ ಪಕ್ಕದಲ್ಲೂ ಅದನ್ನು ಯಾರು ಕಂಡಿರಬೇಕು ಎಂದು ಬರೆದಿದೆ. ಕಣ್ಣಿನದನ್ನು ಕಣ್ಣಿನ ವೈದ್ಯರೇ ಕಾಣಬೇಕು. ಸೂಜಿಯ ಗುಳ್ಳೆಯನ್ನು ವೈದ್ಯರು ಓದಬೇಕು. ಆದರೆ ಬಾಯಿಹುಣ್ಣಿನ ಮುಂದೆ, ಜನನಾಂಗದ ಹುಣ್ಣಿನ ಮುಂದೆ: ‘ವೈದ್ಯರು ಅಥವಾ ರೋಗಿ ಕಂಡಂತೆ’ ಎಂಬ ಅರ್ಥದ ಮಾತಿದೆ.

‘ಅಥವಾ ರೋಗಿ’. ಸಾವಿರ ವರ್ಷದ ಪ್ರಮಾಣಶಾಸ್ತ್ರದ ಚರ್ಚೆಯನ್ನು ಎರಡು ಪದಗಳಲ್ಲಿ ಯಾರೋ ಇತ್ಯರ್ಥ ಮಾಡಿದ್ದರು. ಕಾರಣ ಬಹುಶಃ ತೀರಾ ವ್ಯಾವಹಾರಿಕ. ಈ ಹುಣ್ಣುಗಳು ಒಂದೆರಡು ವಾರದಲ್ಲಿ ಮಾಯುತ್ತವೆ. ಆಸ್ಪತ್ರೆಯ ತಾರೀಖು ಸಿಗುವ ಹೊತ್ತಿಗೆ ಬಾಯಿ ಸ್ವಚ್ಛವಾಗಿರುತ್ತದೆ. ಉಳಿದಿರುವುದು ನೆನಪು ಮತ್ತು ಮಾತು. ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಈ ಕಾಯಿಲೆಯೇ ಕಾಣಿಸುವುದಿಲ್ಲ. ನನ್ನ ಗೆಳತಿಯ ವಿಷಯದಲ್ಲಿ ಬಾಯಿ ಮತ್ತು ಕಣ್ಣು ಸೇರಿ ಪಟ್ಟಿ ತುಂಬುತ್ತಿರಲಿಲ್ಲ. ಮಂಡಿ ಆ ಪಟ್ಟಿಯಲ್ಲೇ ಇಲ್ಲ, ಸೂಜಿ ಕೈಕೊಟ್ಟಿತ್ತು. ತುಂಬಿದ್ದು “ಆಗಿದೆ” ಎಂಬ ಅವಳ ಒಂದು ಮಾತಿನಿಂದ. ಆಮೇಲೆ ಪರೀಕ್ಷೆ ಮಾಡಿದಾಗ ಹಳೆಯ ಹುಣ್ಣಿನ ಕಲೆಯೊಂದು ಕಂಡಿತು ನಿಜ. ಆದರೆ ಆ ಮಾತು ಬರುವವರೆಗೆ ಅಲ್ಲಿ ನೋಡಬೇಕೆಂದೇ ಯಾರಿಗೂ ಅನ್ನಿಸಿರಲಿಲ್ಲ.

ನಮ್ಮ ಹಳೆಯ ಶಾಸ್ತ್ರಗಳೂ ಇಲ್ಲಿ ತಡವರಿಸುತ್ತವೆ. ಚರಕಸಂಹಿತೆಯ ವಿಮಾನಸ್ಥಾನ ರೋಗವನ್ನು ತಿಳಿಯಲು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಎಂಬ ಮೂರು ದಾರಿಗಳನ್ನು ಹೇಳುತ್ತದೆ. ಆದರೆ ಅಲ್ಲಿ ಆಪ್ತ ಎಂದರೆ ರಾಗದ್ವೇಷ ಕಳೆದುಕೊಂಡ ಜ್ಞಾನಿ, ರೋಗಿಯಲ್ಲ. ವಾಗ್ಭಟ ದರ್ಶನ, ಸ್ಪರ್ಶನಗಳ ಜೊತೆ ಪ್ರಶ್ನೆಯನ್ನೂ ಸೇರಿಸುತ್ತಾನೆ, ಮೂರನೆಯದಾಗಿ. ನನಗೆ ಹೆಚ್ಚು ಉಪಯೋಗಕ್ಕೆ ಬಂದವನು ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ. (ಕಾಮಸೂತ್ರದ ವಾತ್ಸ್ಯಾಯನ ಬೇರೆ. ತರಗತಿಯಲ್ಲಿ ಈ ಹೆಸರು ಹೇಳಿದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ನಗು ಏಳುವುದರಿಂದ ಹೇಳುತ್ತಿದ್ದೇನೆ.) ಅವನ ಪ್ರಕಾರ ಒಂದು ವಿಷಯವನ್ನು ನೇರವಾಗಿ ಕಂಡವನು ಮತ್ತು ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಕೂಡಲೇ ಸೇರಿಸುತ್ತಾನೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಈ ಲಕ್ಷಣದ ಪ್ರಕಾರ ನೋಡಿದರೆ ತನ್ನ ನೋವಿನ ವಿಷಯದಲ್ಲಿ ರೋಗಿಗಿಂತ ಹೆಚ್ಚಿನ ಆಪ್ತರು ಯಾರೂ ಇಲ್ಲ. ವೈದ್ಯರು ಅಲ್ಲಿ ಮ್ಲೇಚ್ಛರ ಸಾಲಿನಲ್ಲಿ ನಿಂತು ಕೇಳಿಸಿಕೊಳ್ಳಬೇಕಾದವರು.

ಆದರೆ ವಾತ್ಸ್ಯಾಯನನ ಎರಡನೇ ಶರತ್ತು, ಹೇಳುವ ಇಚ್ಛೆ, ನಾನು ಅಂದುಕೊಂಡಷ್ಟು ಸರಳವಲ್ಲ ಎಂದು ಗೊತ್ತಾದದ್ದು ಆ ಜೆರಾಕ್ಸ್ ಅಂಗಡಿಯ ದಿನ. ನನ್ನ ಗೆಳತಿಗೆ ಹೇಳುವ ಇಚ್ಛೆ ಇರಲಿಲ್ಲವೇ? ಇತ್ತು. ಅದಕ್ಕೇ ಒಬ್ಬಳೇ ಕ್ಲಿನಿಕ್ಕಿಗೆ ಹೋಗಿದ್ದಳು. “ಹಾಗಾದ್ರೆ ಹೇಗೆ” ಅದನ್ನು ಕೊಂದಿತು. ಮಿರಾಂಡಾ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ, ಹೇಳುವವರು ಯಾರು ಎಂಬ ಕಾರಣಕ್ಕೆ ಅವರ ಮಾತಿನ ಬೆಲೆ ಇಳಿಸುವುದು ಒಂದು ಬಗೆಯ ಅನ್ಯಾಯ, ತಿಳಿಯುವ ಜೀವಿಯಾಗಿ ಆ ವ್ಯಕ್ತಿಗೆ ಮಾಡಿದ ಅನ್ಯಾಯ ಎಂದು ವಾದಿಸಿದರು. ಹಾವಿ ಕ್ಯಾರೆಲ್ ಮತ್ತು ಇಯಾನ್ ಕಿಡ್ ಅದನ್ನು ಆಸ್ಪತ್ರೆಗೆ ತಂದರು. ಕ್ಯಾರೆಲ್ ತತ್ವಶಾಸ್ತ್ರದ ಅಧ್ಯಾಪಕಿ, ಸ್ವತಃ ಅಪರೂಪದ ಶ್ವಾಸಕೋಶದ ಕಾಯಿಲೆ ಇರುವವರು. ಇನ್ನೂ ಹತ್ತಿರ ಬರುವವರು ಕ್ರಿಸ್ಟಿ ಡಾಟ್ಸನ್. ಕೇಳುವವರಿಗೆ ಇದನ್ನು ಕೇಳಿಸಿಕೊಳ್ಳುವ ಯೋಗ್ಯತೆ ಇಲ್ಲ ಎಂದು ಕಂಡುಕೊಂಡವರು ತಮ್ಮ ಮಾತನ್ನು ತಾವೇ ಕತ್ತರಿಸಿಕೊಳ್ಳುತ್ತಾರೆ, ಅದೂ ಅವರ ಮೇಲಾದ ಹಿಂಸೆಯೇ ಎನ್ನುತ್ತಾರೆ ಅವರು. ಇಷ್ಟನ್ನೂ ನಾನು ಮೊದಲೇ ಓದಿದ್ದೆ, ಅಡಿಟಿಪ್ಪಣಿಯನ್ನೂ ಹಾಕಿದ್ದೆ. ನಾಲ್ಕು ಅಡಿ ಆಚೆ ಕೂತು ಗಸಗಸೆ ಜಗಿಯುತ್ತಿದ್ದವಳು ತನ್ನ ಮಾತನ್ನು ಹೀಗೆಯೇ ಕತ್ತರಿಸಿಕೊಂಡಿದ್ದಳು, ನಾನು ನಿದ್ದೆ ಮಾಡು ಎಂದಿದ್ದೆ.

ಇಲ್ಲಿ ವೈದ್ಯರ ಪರವಾಗಿ ಒಂದು ವಾದವಿದೆ, ಅದು ಗಟ್ಟಿಯಾದದ್ದು. ಗೊರಸಿನ ಸದ್ದು ಕೇಳಿದರೆ ಕುದುರೆ ಎಂದುಕೊಳ್ಳಬೇಕು, ಜೀಬ್ರಾ ಎಂದಲ್ಲ ಎಂದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಲಿಸುತ್ತಾರಂತೆ. ಬಾಯಿಹುಣ್ಣು ಯಾರಿಗೆ ಆಗುವುದಿಲ್ಲ? ಪ್ರತಿ ಬಾಯಿಹುಣ್ಣಿನಲ್ಲೂ ಬೆಹ್ಚೆತ್ ಕಾಣುವ ವೈದ್ಯರು ಸಾವಿರ ಜನರನ್ನು ಹೆದರಿಸಿ, ಬೇಡದ ಪರೀಕ್ಷೆ ಮಾಡಿಸಿ, ಕೊನೆಗೆ ಒಬ್ಬರನ್ನು ಹಿಡಿಯುತ್ತಾರೆ. ಜೊತೆಗೆ, ಒಬ್ಬರಿಗೆ ಒಂದೇ ಸಮಯದಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇರುವುದೂ ಸಾಧ್ಯ. ಎಲ್ಲವನ್ನೂ ಒಂದೇ ಕಾರಣಕ್ಕೆ ಕಟ್ಟುವ ಹುಮ್ಮಸ್ಸು ಸುಳ್ಳು ಕತೆಗಳನ್ನೂ ಹುಟ್ಟಿಸುತ್ತದೆ. ಹಾಗಾಗಿ ಮೂಳೆ ವೈದ್ಯರಾಗಲಿ ಮೊದಲ ಕಣ್ಣಿನ ವೈದ್ಯರಾಗಲಿ ಬೆಹ್ಚೆತ್ ಎಂದು ಹೇಳಲಿಲ್ಲವಲ್ಲ ಎಂದು ನಾನು ಸಿಟ್ಟಾಗಲಾರೆ. ಜೀಬ್ರಾ ಎಂದುಕೊಳ್ಳುವುದು ಅವರ ಕರ್ತವ್ಯವಲ್ಲ. ಆದರೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳುವುದಕ್ಕೆ ಜೀಬ್ರಾದ ನಂಬಿಕೆ ಬೇಕಿಲ್ಲ. “ಬೇರೆ ಎಲ್ಲಾದರೂ ಏನಾದರೂ ಇದೆಯಾ?” ಎಂಬುದಕ್ಕೆ ಅರ್ಧ ನಿಮಿಷ ಸಾಕು, ರಕ್ತ ಬೇಡ, ದುಡ್ಡು ಬೇಡ. ಪತ್ತೆಯಾಗದೆ ಹೋದದ್ದು ಅಜ್ಞಾನ ಇರಬಹುದು. ಕೇಳದೆ ಹೋದದ್ದು ಬೇರೆ ಜಾತಿಯದು, ಮತ್ತು ನನ್ನ ಹೆಸರೂ ಆ ಪಟ್ಟಿಯಲ್ಲಿದೆ.

ಆ ಪಿ.ಜಿ. ವೈದ್ಯೆಯ ಪ್ರಶ್ನೆಯನ್ನು ಮತ್ತೆ ಮತ್ತೆ ಯೋಚಿಸಿದ್ದೇನೆ. ಅದರ ಬಲವೆಲ್ಲ “ಕೆಲವರಿಗೆ ಆಗುತ್ತೆ” ಎಂಬ ಮೊದಲ ಭಾಗದಲ್ಲಿದೆ. ಉತ್ತರ ಕೊಡುವ ಮೊದಲೇ ನೀನೊಬ್ಬಳೇ ಅಲ್ಲ ಎಂದು ಹೇಳಿ, ಆಮೇಲೆ ಕೇಳಿದಳು. ಕೋರ್ಟಿನಲ್ಲಾದರೆ ಇದು ಸಾಕ್ಷಿಗೆ ಉತ್ತರ ಹೇಳಿಕೊಡುವ ಪ್ರಶ್ನೆ ಎಂದು ವಕೀಲರು ಎದ್ದು ನಿಲ್ಲುತ್ತಿದ್ದರು. ತರ್ಕದ ದೃಷ್ಟಿಯಿಂದಲೂ ದೋಷ ಹುಡುಕಬಹುದು: ಹಾಗೆ ಕೇಳಿದರೆ ಇಲ್ಲದವರೂ ಹೌದು ಎನ್ನಬಹುದಲ್ಲ? ಅನ್ನಬಹುದು. ಆದರೆ ಆ ಪ್ರಶ್ನೆ ತಟಸ್ಥವಾಗಿರುವ ಕೋಣೆ ನಮ್ಮಲ್ಲಿ ಎಲ್ಲಿದೆ? ಒಂದು ಕಡೆಗೆ ವಾಲಿದ ತಕ್ಕಡಿಯಲ್ಲಿ ಇನ್ನೊಂದು ಕಡೆಗೆ ಸ್ವಲ್ಪ ತೂಕ ಹಾಕಿದಳು, ಅಷ್ಟೆ.

ನನಗೆ ಹೆಚ್ಚು ಕಷ್ಟವಾದದ್ದು ಜೆರ‍ಾಕ್ಸ್. ಆ ಪ್ರತಿಗಳು ಬೇಕಿರಲಿಲ್ಲ. ನಾವು ಓಡಿಹೋಗಿ ಮಾಡಿಸಿ ತಂದದ್ದು ಮೇಜಿನ ಮೂಲೆಯಲ್ಲೇ ಉಳಿದದ್ದನ್ನು ಅಮ್ಮ ನೋಡಿದರು. ಮಗಳು ವಾರದ ಮೇಲೆ ಎಲ್ಲ ಹೇಳಿದಾಗ ಅವರು ಕಾಯಿಲೆಗಿಂತ ಅದಕ್ಕೆ ಹೆಚ್ಚು ನೊಂದುಕೊಂಡರು. “ನಾನೇನು ಹುಲಿನಾ? ನನ್ನನ್ನ ಆಚೆ ಕಳಿಸಿ ಕೇಳೋ ಅಂಥದ್ದು ಏನಿತ್ತು?” ಎಂದು ನನ್ನನ್ನು ಕೇಳಿದರು. ನಾನೂ ಹೊರಗೇ ಇದ್ದವಳು ಎಂಬುದನ್ನು ಮರೆತಿದ್ದರು. ಒಂದು ಸುಳ್ಳು, ಎಷ್ಟೇ ಸಣ್ಣದಾದರೂ, ಅವರನ್ನು ಮಗಳ ಕಾಯಿಲೆಯಿಂದ ಹತ್ತು ನಿಮಿಷ ಹೊರಗಿಟ್ಟಿತ್ತು. ಯಾವ ಒಳ್ಳೆಯ ಫಲಕ್ಕೂ ಸುಳ್ಳು ಸಲ್ಲದು ಎನ್ನುವ ಕಾಂಟ್‌ನ ಮಾತು ನನಗೆ ಯಾವತ್ತೂ ಒಣ ಎನ್ನಿಸುತ್ತಿತ್ತು. ಆ ದಿನ ಅಡುಗೆಮನೆಯಲ್ಲಿ ನಿಂತು ಅತ್ತವರನ್ನು ನೋಡಿ ಅದರಲ್ಲೇನೋ ಇದೆ ಅನ್ನಿಸಿತು.

ಹಾಗಾದರೆ ಆ ವೈದ್ಯೆ ನೇರವಾಗಿ “ನಿಮ್ಮ ಮಗಳ ಹತ್ತಿರ ಒಂಟಿಯಾಗಿ ಮಾತಾಡಬೇಕು” ಎನ್ನಬೇಕಿತ್ತೇ? ನಮ್ಮ ಊರುಗಳಲ್ಲಿ ಮದುವೆಯಾಗದ ಹುಡುಗಿಯ ಜೊತೆ ವೈದ್ಯರು ಒಂಟಿಯಾಗಿ ಮಾತಾಡಿದರೆ ಹೊರಗೆ ಕೂತವರು ಏನು ಊಹಿಸುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಸತ್ಯ ಹೇಳಿದ್ದರೆ ಆ ಸತ್ಯವೇ ನನ್ನ ಗೆಳತಿಯ ಮೇಲೆ ಬೀಳುತ್ತಿತ್ತು. ಪ್ರತಿಯೊಬ್ಬ ರೋಗಿಗೂ, ಗಂಡಾಗಲಿ ಹೆಣ್ಣಾಗಲಿ, ಐದು ನಿಮಿಷ ಒಂಟಿಯಾಗಿ ಎಂಬುದೇ ಎಲ್ಲ ಕಡೆ ಪದ್ಧತಿಯಾಗಿದ್ದರೆ ಸುಳ್ಳೂ ಬೇಕಿರಲಿಲ್ಲ, ಅನುಮಾನವೂ ಹುಟ್ಟುತ್ತಿರಲಿಲ್ಲ. ಆದರೆ ಪದ್ಧತಿಯನ್ನು ಒಬ್ಬ ಪಿ.ಜಿ. ವಿದ್ಯಾರ್ಥಿನಿ ಒಂದು ಬೆಳಿಗ್ಗೆ ಹುಟ್ಟಿಸಲಾರಳು. ಅವಳ ಕೈಯಲ್ಲಿದ್ದದ್ದು ಜೆರಾಕ್ಸ್ ಅಂಗಡಿ. ಅವಳು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೂ ಅಮ್ಮನಿಗೆ ಒಂದು ಕ್ಷಮೆಯ ಸಾಲ ಉಳಿದಿದೆ ಎಂಬುದೂ ನನ್ನ ಅಭಿಪ್ರಾಯವೇ. ಈ ಎರಡನ್ನೂ ಒಂದೇ ಸೂತ್ರದಲ್ಲಿ ಕೂಡಿಸಲು ನನಗೆ ಬಂದಿಲ್ಲ.

ಸಂಸ್ಕೃತದಲ್ಲಿ ನಿದಾನ ಎಂಬ ಪದಕ್ಕೆ ರೋಗದ ಮೂಲ ತಿಳಿಯುವುದು ಎಂಬ ಅರ್ಥ ಬರುವ ಮೊದಲು ಕಟ್ಟುವ ಹಗ್ಗ ಎಂಬ ಅರ್ಥವಿತ್ತು. ಋಗ್ವೇದದಲ್ಲಿ ಹಾಗೆ ಬಳಕೆಯಾಗಿದೆ. ಕನ್ನಡದಲ್ಲಿ ಒಂದು ಮಹಾಪ್ರಾಣ ಹೆಚ್ಚಾದರೆ ಅದು ನಿಧಾನ. ಎರಡಕ್ಕೂ ವ್ಯುತ್ಪತ್ತಿಯ ಸಂಬಂಧ ಏನೂ ಇಲ್ಲ, ನಾಲಿಗೆ ತಪ್ಪುವುದಷ್ಟೆ. ನನ್ನ ಗೆಳತಿ ಆಸ್ಪತ್ರೆಯ ಫಲಕದಲ್ಲಿ ‘ರೋಗನಿಧಾನ ಕೇಂದ್ರ’ ಎಂಬ ತಪ್ಪು ಕಾಗುಣಿತ ನೋಡಿ ಕಣ್ಣಿಗೆ ಬ್ಯಾಂಡೇಜು ಇದ್ದಾಗಲೂ ನಕ್ಕಿದ್ದಳು. “ಸರಿಯಾಗೇ ಬರ್ದಿದ್ದಾರೆ ಬಿಡು.”

ಹೆಸರು ಸಿಕ್ಕ ದಿನ ಅವಳಿಗೆ ಸಮಾಧಾನವಾಯಿತು. ನನಗೆ ಆಶ್ಚರ್ಯ. ಪೂರ್ತಿ ವಾಸಿಯಾಗದ, ಕಣ್ಣಿಗೆ ಅಪಾಯ ಇರುವ ಕಾಯಿಲೆ ಇದೆ ಎಂದು ತಿಳಿದವರಿಗೆ ಸಮಾಧಾನ ಹೇಗೆ? “ನಾನು ಕೊಳಕಲ್ಲ ಅಂತ ಗೊತ್ತಾಯ್ತಲ್ಲ” ಎಂದಳು. ಎರಡು ವರ್ಷ ಅವಳು ಹೊತ್ತದ್ದರಲ್ಲಿ ಕಾಯಿಲೆಯ ಪಾಲು ಎಷ್ಟು, ಗೋಡೆ ಪೋಸ್ಟರಿನ ಪಾಲು ಎಷ್ಟು ಎಂದು ನನಗೆ ಆಗ ಹೊಳೆಯಿತು. ಹಾಗೆಂದು ಹೆಸರು ಬರೀ ವರವೂ ಅಲ್ಲ. ಗಂಡಿನ ಕಡೆಯವರಿಗೆ ಹೇಳಬೇಕೇ ಬೇಡವೇ ಎಂದು ದೊಡ್ಡಪ್ಪ ಆಗಲೇ ಶುರುಮಾಡಿದ್ದಾರೆ. ಅದರ ಬಗ್ಗೆ ಬರೆಯಬೇಡ ಎಂದು ಅವಳು ಹೇಳಿರುವುದರಿಂದ ಬಿಡುತ್ತೇನೆ.

ಈಗ ಅವಳು ಅಜಥಯೋಪ್ರಿನ್ ತೆಗೆದುಕೊಳ್ಳುತ್ತಾಳೆ. ಬೆಹ್ಚೆತ್ ರೋಗಿಗಳ ಕಣ್ಣನ್ನು ಅದು ಕಾಪಾಡುತ್ತದೆ ಎಂದು ತೋರಿಸಿದ ಪ್ರಯೋಗವನ್ನು ನಡೆಸಿದ್ದೂ ಇಸ್ತಾಂಬುಲ್‌ನಲ್ಲೇ, ಹಸನ್ ಯಾಜಿಜಿ ಮತ್ತು ಸಂಗಡಿಗರು, 1990ರಲ್ಲಿ ಪ್ರಕಟವಾಯಿತು. ಜೊತೆಗೆ ಕಾಲ್ಚಿಸಿನ್. ಅದೇ ವಸ್ತು ಗೌರಿಹಬ್ಬದ ಹೊತ್ತಿಗೆ ಮಲೆನಾಡಿನ ಬೇಲಿಗಳಲ್ಲಿ ಅರಳುವ ಗೌರಿಹೂವಿನ ಗೆಡ್ಡೆಯಲ್ಲೂ ಇದೆ, ಗೆಡ್ಡೆ ತಿಂದರೆ ಜೀವ ಹೋಗುವಷ್ಟು ವಿಷ. ಮನೆಮದ್ದಿನವರು ಇದನ್ನು ಓದಿ ಅಗೆಯಲು ಹೋಗಬಾರದು. ಅವಳ ಎಡಗಣ್ಣು ಪೂರ್ತಿ ಮೊದಲಿನಂತಾಗಿಲ್ಲ, ಕೆಟ್ಟೂ ಇಲ್ಲ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಎಲ್ಲವನ್ನೂ ಬರೆದಿಡುತ್ತಾಳೆ, ಎಲ್ಲಿ ಹುಣ್ಣು, ಎಷ್ಟು ದಿನ. ಅಂಕಣಗಳ ಮೇಲೆ ಯಾವ ಮುಚ್ಚುಮರೆಯ ಪದವೂ ಇಲ್ಲ. ಬಾಯಿ, ಕಣ್ಣು, ಕೀಲು, ಯೋನಿ ಎಂದು ಬರೆದಿದ್ದಾಳೆ.

ಹೋದ ತಿಂಗಳು ಮರುಪರೀಕ್ಷೆಗೆ ಅಮ್ಮನೂ ಬಂದಿದ್ದರು, ನಾನೂ ಹೋಗಿದ್ದೆ. ಆ ಪಿ.ಜಿ. ವೈದ್ಯೆ ಕೋರ್ಸ್ ಮುಗಿಸಿ ಎಲ್ಲಿಗೋ ಹೋಗಿದ್ದಳು. ಹೊಸ ಹುಡುಗನೊಬ್ಬ ಕೂತಿದ್ದ. ಫೈಲು ತೆರೆದು, ಒಂದೆರಡು ಪುಟ ತಿರುವಿ, ತಲೆ ಎತ್ತಿ ನಮ್ಮ ಮೂವರನ್ನೂ ನೋಡಿ, ಹೇಗೆ ಶುರುಮಾಡಲಿ ಎಂದು ತಡವರಿಸಿದ. ಅಮ್ಮ ನನ್ನ ಕೈಯಿಂದ ಹಳೆಯ ಚೀಟಿಗಳ ಕವರು ತೆಗೆದುಕೊಂಡು ಎದ್ದರು.

“ನೀವು ಕೇಳೋದು ಕೇಳಿ, ನಾನು ಜೆರಾಕ್ಸ್ ಮಾಡಿಸಿಕೊಂಡು ಬರ್ತೀನಿ,” ಎಂದರು.